ಬೋರಿನ ಹೊಲಕ್ಕೆ ಜಾಸ್ತಿ, ಬೆದ್ದಲಿಗೆ ಕಡಿಮೆ: ನಾಲ್ಕು ಎಕರೆಯ ಸಾರಜನಕದ ಲೆಕ್ಕ

ಪ್ರಶ್ನೆ: ನಮ್ಮದು ಗೌರಿಬಿದನೂರು ತಾಲ್ಲೂಕು. ನಾಲ್ಕು ಎಕರೆ ಕೆಂಪು ಮಣ್ಣು. ಎರಡು ಎಕರೆಗೆ ಬೋರ್ ನೀರಿದೆ, ಅಲ್ಲಿ ಮುಂಗಾರಿಗೆ ಮುಸುಕಿನ ಜೋಳ, ಬೇಸಿಗೆಗೆ ರಾಗಿ. ಉಳಿದ ಎರಡು ಎಕರೆ ಬೆದ್ದಲು. ಅಲ್ಲಿ ಒಂದು ವರ್ಷ ಕಡ್ಲೆಕಾಯಿ, ಮರುವರ್ಷ ರಾಗಿ. ಮೊದಲು ಜೋಳಕ್ಕೆ ಎಕರೆಗೆ ಎರಡು ಮೂಟೆ ಯೂರಿಯಾ ಸಾಕಾಗುತ್ತಿತ್ತು. ಈಗ ಮೂರು ಮೂಟೆ ಯೂರಿಯಾ, ಎರಡು ಮೂಟೆ ಡಿಎಪಿ ಹಾಕಿದರೂ 25 ಕ್ವಿಂಟಲ್ ದಾಟುತ್ತಿಲ್ಲ. ಬೇಸಿಗೆ ರಾಗಿಗೆ ಎರಡು ಮೂಟೆ ಯೂರಿಯಾ, ಒಂದು ಡಿಎಪಿ, ಅರ್ಧ ಟನ್ ಕೋಳಿ ಗೊಬ್ಬರ ಕೊಡುತ್ತೇನೆ. 14 ಕ್ವಿಂಟಲ್ ಬರುತ್ತದೆ, ಆದರೆ ತೆನೆ ಬಲಿಯುವಾಗ ಪೈರು ಮಲಗಿಬಿಡುತ್ತದೆ. ಎರಡು ಹಸುಗಳಿವೆ. ತಿಪ್ಪೆ ಗೊಬ್ಬರವೆಲ್ಲ ಬೋರಿನ ಹೊಲಕ್ಕೇ ಹೋಗುತ್ತದೆ, ಎಕರೆಗೆ ಎರಡು ಟನ್ ಇರಬಹುದು. ಬೆದ್ದಲಿನ ಕಡ್ಲೆಕಾಯಿಗೆ ಒಂದು ಡಿಎಪಿ, ರಾಗಿಗೆ ಒಂದು ಡಿಎಪಿ ಮತ್ತು ಅರ್ಧ ಮೂಟೆ ಯೂರಿಯಾ. ಕಡ್ಲೆಕಾಯಿ 5, ರಾಗಿ 8 ಕ್ವಿಂಟಲ್ ಆಗುತ್ತದೆ. ಕಡ್ಲೆಕಾಯಿ ಬೆಳೆದರೆ ಮರುವರ್ಷ ಯೂರಿಯಾ ಬೇಡ ಅಂತಾರೆ, ನಿಜವೇ? ಜೋಳಕ್ಕೆ ಇನ್ನೆಷ್ಟು ಹಾಕಬೇಕು? ನ್ಯಾನೋ ಯೂರಿಯಾ ಹೊಡೆದರೆ ಮೂಟೆ ಉಳಿಯುತ್ತದೆಯೇ?

ಉತ್ತರ: ನೀವು ಹಾಕುವುದನ್ನೆಲ್ಲ ಮೂಟೆ ಲೆಕ್ಕದಲ್ಲಿ ಬರೆದಿದ್ದು ಒಳ್ಳೆಯದಾಯಿತು. ಬರೀ "ಗೊಬ್ಬರ ಹಾಕ್ತೀನಿ, ಬೆಳೆ ಬರ್ತಿಲ್ಲ" ಅಂದಿದ್ದರೆ ನಾನೂ ಸುಮ್ನೆ ಏನೋ ಹೇಳಬೇಕಾಗುತ್ತಿತ್ತು. ಜೋಳಕ್ಕೆ ಇನ್ನೆಷ್ಟು ಅಂತ ಕೇಳಿದ್ದೀರಿ. ಒಂದು ಕಾಳೂ ಜಾಸ್ತಿ ಬೇಡ, ಕಡಿಮೆ ಮಾಡಿ. ನಿಮ್ಮ ನಾಲ್ಕು ಎಕರೆಯಲ್ಲಿ ಹಸಿದಿರುವುದು ಬೆದ್ದಲು. ಗೊಬ್ಬರ ಹೋಗುತ್ತಿರುವುದು ಬೋರಿನ ಹೊಲಕ್ಕೆ. ಈ ಮಾತನ್ನು ಅಂಕಿಯಲ್ಲೇ ತೋರಿಸುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. 2018ರಿಂದ ಮೂಟೆ 45 ಕೆ.ಜಿ.ಗೆ ಇಳಿದಿದೆ, ಹಾಗಾಗಿ ಒಂದು ಮೂಟೆಯಲ್ಲಿ ಸುಮಾರು 20.7 ಕೆ.ಜಿ. ಸಾರಜನಕ. ಡಿಎಪಿಯಲ್ಲಿ ರಂಜಕ ಮಾತ್ರ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಅದರಲ್ಲೂ ನೂರಕ್ಕೆ 18 ಭಾಗ ಸಾರಜನಕವಿದೆ, 50 ಕೆ.ಜಿ. ಮೂಟೆಗೆ 9 ಕೆ.ಜಿ. ಈಗ ನಿಮ್ಮ ಜೋಳ ನೋಡಿ. ಯೂರಿಯಾದಿಂದ 62, ಡಿಎಪಿಯಿಂದ 18, ಒಟ್ಟು ಎಕರೆಗೆ 80 ಕೆ.ಜಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ನೀರಾವರಿ ಮುಸುಕಿನ ಜೋಳಕ್ಕೆ ಹೆಕ್ಟೇರಿಗೆ 150 ಕೆ.ಜಿ., ಅಂದರೆ ಎಕರೆಗೆ 60. ನೀವು ಆಗಲೇ 20 ಕೆ.ಜಿ. ಮುಂದೆ ಹೋಗಿದ್ದೀರಿ. ಬೇಸಿಗೆ ರಾಗಿಗೆ ಯೂರಿಯಾ, ಡಿಎಪಿ ಸೇರಿ 50. ಅಲ್ಲಿ ಶಿಫಾರಸು ಇರುವುದು 40. ಇದರ ಮೇಲೆ ತಿಪ್ಪೆ ಗೊಬ್ಬರದಲ್ಲಿ ಟನ್ನಿಗೆ 5 ಕೆ.ಜಿ. ಹಿಡಿದರೂ 10, ಕೋಳಿ ಗೊಬ್ಬರದಲ್ಲಿ ಇನ್ನೊಂದು 12. ಒಟ್ಟು ವರ್ಷಕ್ಕೆ ಎಕರೆಗೆ 152 ಕೆ.ಜಿ.

ಇನ್ನು ಹೊಲದಿಂದ ಹೊರಗೆ ಹೋಗುವುದು. ಮುಸುಕಿನ ಜೋಳದ ಕಾಳಿನಲ್ಲಿ ಪ್ರೋಟೀನ್ ನೂರಕ್ಕೆ 9 ಇದ್ದರೆ ಸಾರಜನಕ ಸುಮಾರು 1.4. ಹಾಗಾಗಿ 25 ಕ್ವಿಂಟಲ್ ಕಾಳಿನ ಜೊತೆ ಹೋಗುವುದು 36 ಕೆ.ಜಿ. ಸೆಪ್ಪೆಯನ್ನೂ ಹಸುವಿಗೆ ತರುತ್ತೀರಿ, ಅದರಲ್ಲಿ ಅಂದಾಜು 18. ರಾಗಿ ಕಾಳಿನಲ್ಲಿ ಪ್ರೋಟೀನ್ ನೂರಕ್ಕೆ 7ರ ಆಸುಪಾಸು, 14 ಕ್ವಿಂಟಲಿಗೆ ಸಾರಜನಕ 16. ಹುಲ್ಲಿನಲ್ಲಿ ಇನ್ನೊಂದು 12. ಎಲ್ಲ ಕೂಡಿದರೆ 82. ಒಳಗೆ 152, ಹೊರಗೆ 82. ಬರೀ ಕಾಳನ್ನು ಹಿಡಿದರೆ 52, ಅಂದರೆ ಮೂರನೇ ಒಂದು ಭಾಗ. ಇದರಲ್ಲಿ ನೀವೊಬ್ಬರೇ ಇಲ್ಲ ಬಿಡಿ. 1999ರಲ್ಲಿ ರಾನ್ ಮತ್ತು ಜಾನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಇಡೀ ಪ್ರಪಂಚದ ಏಕದಳ ಧಾನ್ಯಗಳ ಲೆಕ್ಕ ಹಾಕಿ, ಹಾಕಿದ ಸಾರಜನಕದಲ್ಲಿ ಕಾಳಿಗೆ ಸೇರುವುದು ನೂರಕ್ಕೆ 33 ಮಾತ್ರ ಎಂದಿದ್ದರು.

ಉಳಿದ 70 ಕೆ.ಜಿ. ಎಲ್ಲಿಗೆ ಹೋಯಿತು? ಸ್ವಲ್ಪ ಮಣ್ಣಿನಲ್ಲಿ ಉಳಿದಿರುತ್ತದೆ, ಮುಖ್ಯವಾಗಿ ತಿಪ್ಪೆ ಗೊಬ್ಬರದ್ದು. ಅದು ಒಳ್ಳೆಯದೇ. ಆದರೆ ದೊಡ್ಡ ಪಾಲು ಎರಡು ದಾರಿಯಲ್ಲಿ ಹೋಗುತ್ತದೆ. ಯೂರಿಯಾವನ್ನು ಮೇಲೆ ಎರಚಿ ಬಿಟ್ಟರೆ ಮಣ್ಣಿನ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಅಮೋನಿಯ ಮಾಡುತ್ತದೆ. ನೆಲದ ಮೇಲೇ ಇದ್ದರೆ ಅದು ಗಾಳಿಗೆ ಹಾರುತ್ತದೆ. ಮೇಲೆ ತೆಳುವಾಗಿ ತೇವ ಇದ್ದು ಬಿಸಿಲು ಬಿದ್ದರೆ ಇನ್ನೂ ಜೋರು. ಬೇವು ಲೇಪನ ಇದೆಯಲ್ಲ ಅಂತ ಕೇಳಬಹುದು. 2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯವಾಗಿದೆ, ನಿಜ. ಆದರೆ ಬೇವು ಮುಖ್ಯವಾಗಿ ತಡೆಯುವುದು ಅಮೋನಿಯವು ನೈಟ್ರೇಟ್ ಎಂಬ ಇನ್ನೊಂದು ರೂಪಕ್ಕೆ ತಿರುಗುವ ವೇಗವನ್ನು. ಹಾರಿ ಹೋಗುವುದನ್ನು ತಡೆಯಬೇಕಾದರೆ ಮಣ್ಣಿನಲ್ಲಿ ಮುಚ್ಚಲೇಬೇಕು, ಅಥವಾ ಹಿಂದೆಯೇ ನೀರು ಕೊಟ್ಟು ಕೆಳಗಿಳಿಸಬೇಕು.

ಎರಡನೆಯ ದಾರಿ ನೀರಿನದು. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ. ಮಳೆ ಜಾಸ್ತಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಜೋಳ ತನಗೆ ಬೇಕಾದ್ದನ್ನು ಎಳೆದುಕೊಂಡು ಮುಗಿದಿರುತ್ತದೆ. ಮಿಕ್ಕಿದ್ದೆಲ್ಲ ಬೇರಿನ ಕೆಳಗೆ ಇಳಿದು ನಿಧಾನವಾಗಿ ಅಂತರ್ಜಲ ಸೇರುತ್ತದೆ.

ಅಲ್ಲಿಂದ ಅದು ವಾಪಸ್ ಬರುವುದೂ ಉಂಟು. ನಿಮ್ಮ ಬೋರಿನ ನೀರನ್ನು ಯಾವತ್ತಾದರೂ ನೈಟ್ರೇಟ್‌ಗೆ ಪರೀಕ್ಷೆ ಮಾಡಿಸಿದ್ದೀರಾ? ಕೋಲಾರ, ಚಿಕ್ಕಬಳ್ಳಾಪುರ ಕಡೆ ಫ್ಲೋರೈಡ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನೈಟ್ರೇಟ್ ಮರೆಯುತ್ತಾರೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಷ್ಟೇ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸಾರಜನಕ ಲೀಟರಿಗೆ 10 ಮಿಲಿಗ್ರಾಂ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಂದರೆ ಪ್ರತಿ ಅಂಗುಲ ನೀರಿನ ಜೊತೆ ಒಂದು ಕೆ.ಜಿ. ಸಾರಜನಕ. ಬೇಸಿಗೆ ರಾಗಿಗೆ 15 ಅಂಗುಲ ನೀರು ಹರಿಸಿದರೆ ಮುಕ್ಕಾಲು ಮೂಟೆ ಯೂರಿಯಾದಷ್ಟು ಬೋರಿನಿಂದಲೇ ಬಂತು. ಅದೂ ಒಂದೇ ಸಲಕ್ಕಲ್ಲ, ಪ್ರತಿ ನೀರಿಗೂ ಸ್ವಲ್ಪ ಸ್ವಲ್ಪ, ಕೊಯ್ಲಿನ ಹತ್ತಿರದವರೆಗೂ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ನೀರು ಬರುವ ಕೆರೆಗಳ ಆಸುಪಾಸಿನವರಂತೂ ಇದನ್ನು ಪರೀಕ್ಷೆ ಮಾಡಿಸಲೇಬೇಕು. ಎರಡನೇ ಹಂತದವರೆಗೆ ಶುದ್ಧ ಮಾಡಿದ ಕೊಳಚೆ ನೀರಿನಲ್ಲಿ ಸಾರಜನಕ ಪೂರ್ತಿ ಹೋಗಿರುವುದಿಲ್ಲ.

ರಾಗಿ ಮಲಗುವುದರ ಗುಟ್ಟು ಇಲ್ಲೇ ಇದೆ ಅನ್ನುವುದು ನನ್ನ ಅಂದಾಜು. 50 ಕೆ.ಜಿ. ರಸಗೊಬ್ಬರದ್ದು, ಕೋಳಿ ಗೊಬ್ಬರದ್ದು ಬೇಗ ಬಿಡುಗಡೆಯಾಗುವ ಪಾಲು, ಮೇಲೆ ಬೋರಿನದು. ಕಡ್ಡಿ ಉದ್ದವಾಗಿ ಮೆತ್ತಗೆ ಬೆಳೆಯುತ್ತದೆ, ತೆನೆ ತೂಗಿದಾಗ ಹೊರಲಾರದೆ ಬೀಳುತ್ತದೆ. ಇಂಥ ಪೈರಿಗೆ ಬೆಂಕಿ ರೋಗವೂ ಬೇಗ ಹತ್ತುತ್ತದೆ. ಅದು ತೆನೆಯ ಕುತ್ತಿಗೆಗೆ ಬಂದರೆ ತೆನೆ ಪೂರ್ತಿ ಜೊಳ್ಳು. ನೀವು ಪೊಟ್ಯಾಷ್ ಹೆಸರನ್ನೇ ಎತ್ತಿಲ್ಲ. ಬೇಸಿಗೆ ರಾಗಿಗೆ ಎಕರೆಗೆ 30ರಿಂದ 35 ಕೆ.ಜಿ. ಮ್ಯೂರೇಟ್ ಆಫ್ ಪೊಟ್ಯಾಷ್ ಕೊಡಿ, ಕಡ್ಡಿ ಗಟ್ಟಿಯಾಗುತ್ತದೆ.

ಈಗ ಬೆದ್ದಲಿಗೆ ಬರೋಣ. ಎರಡು ವರ್ಷದ ಲೆಕ್ಕ ಒಟ್ಟಿಗೆ ಹಿಡಿಯಬೇಕು, ಒಂದು ಬೆಳೆಯದ್ದು ಮಾತ್ರ ನೋಡಿದರೆ ದಾರಿ ತಪ್ಪುತ್ತದೆ. ಕಡ್ಲೆಕಾಯಿ ವರ್ಷ ಎಕರೆಗೆ 9 ಕೆ.ಜಿ., ರಾಗಿ ವರ್ಷ 19. ಒಟ್ಟು 28. ಕಡ್ಲೆಕಾಯಿ 5 ಕ್ವಿಂಟಲ್ ಅಂದರೆ ಬೀಜ ಮೂರೂವರೆ ಕ್ವಿಂಟಲ್. ಕಡ್ಲೆಬೀಜದಲ್ಲಿ ನೂರಕ್ಕೆ 25ರಷ್ಟು ಪ್ರೋಟೀನ್ ಇರುತ್ತದೆ, ಹಾಗಾಗಿ ಅದರ ಜೊತೆ 16 ಕೆ.ಜಿ. ಸಾರಜನಕ ಹೊರಟಿತು. ಬಳ್ಳಿಯ ಜೊತೆ ಇನ್ನೊಂದು 12. ಮರುವರ್ಷ ರಾಗಿ ಕಾಳು, ಹುಲ್ಲು ಸೇರಿ 16. ಹೊರಗೆ ಹೋದದ್ದು 44. ಕಡ್ಲೆಕಾಯಿ ತನಗೆ ಬೇಕಾದ್ದರಲ್ಲಿ ಅರ್ಧವನ್ನು ಗಾಳಿಯಿಂದ ಹಿಡಿದಿದೆ ಅಂದುಕೊಂಡರೆ 14 ಬಂತು. ಒಳಗೆ ಬಂದದ್ದು 42. ಬರಗಾಲದ ವರ್ಷ ಬೇರಿನ ಗಂಟುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ 14 ಸಹ ಬರುವುದಿಲ್ಲ. ಇದರಲ್ಲಿ ಮಳೆಗೆ ಕೊಚ್ಚಿ ಹೋದದ್ದು, ಗಾಳಿಗೆ ಹಾರಿದ್ದು ಸೇರಿಸಿಯೇ ಇಲ್ಲ.

ಪುಸ್ತಕದ ಪ್ರಕಾರ ಇದು ಬಹಳ ದಕ್ಷ ಜಮೀನು, ನೂರಕ್ಕೆ ನೂರಕ್ಕಿಂತ ಜಾಸ್ತಿ! ಸಾರಜನಕ ಬಳಕೆಯ ದಕ್ಷತೆ, ಅಂದರೆ ಒಳಗೆ ಬಂದದ್ದರಲ್ಲಿ ಬೆಳೆಯ ಜೊತೆ ಹೊರಗೆ ಹೋದ ಪಾಲು, ಎಷ್ಟು ಜಾಸ್ತಿಯಾದರೆ ಅಷ್ಟು ಒಳ್ಳೆಯದು ಅಂತ ಭಾಷಣ ಮಾಡುವವರು ಈ ಬೆದ್ದಲನ್ನು ಒಮ್ಮೆ ನೋಡಬೇಕು. ಕೊಟ್ಟದ್ದಕ್ಕಿಂತ ತೆಗೆದದ್ದು ಜಾಸ್ತಿಯಾದರೆ ಮಿಕ್ಕಿದ್ದನ್ನು ಮಣ್ಣು ತನ್ನ ಮೈಯಿಂದ ಕೊಟ್ಟಿರುತ್ತದೆ, ಅಲ್ವಾ? ಯುರೋಪಿನ ಸಾರಜನಕ ತಜ್ಞರ ಸಮಿತಿ 2015ರಲ್ಲಿ ಈ ದಕ್ಷತೆಗೆ ಒಂದು ಅಳತೆ ಇಟ್ಟಿತು. ನೂರಕ್ಕೆ 50ರಿಂದ 90ರ ಒಳಗಿದ್ದರೆ ಸರಿ, 50ಕ್ಕಿಂತ ಕೆಳಗೆ ಪೋಲು, 90ಕ್ಕಿಂತ ಮೇಲೆ ಮಣ್ಣು ಬರಿದಾಗುವ ಅಪಾಯ. ನಿಮ್ಮ ಬೋರಿನ ಹೊಲ ಹುಲ್ಲು, ಸೆಪ್ಪೆ ಎಲ್ಲ ಹಿಡಿದರೂ ಈ ಮಿತಿಯ ಕೆಳಗಿನ ಅಂಚಿನಲ್ಲಿದೆ. ಬೆದ್ದಲು ಮೇಲಿನ ಅಂಚು ದಾಟಿದೆ.

ಕಡ್ಲೆಕಾಯಿ ಮರುವರ್ಷಕ್ಕೆ ಯೂರಿಯಾ ಬಿಟ್ಟು ಹೋಗುತ್ತದೆಯೇ ಅನ್ನುವುದಕ್ಕೂ ಇದೇ ಉತ್ತರ. ನಾವು ಕಡ್ಲೆಕಾಯಿಯನ್ನು ಬೇರು ಸಮೇತ ಕಿತ್ತು, ಬಳ್ಳಿಯನ್ನು ಮನೆಗೆ ಹೊತ್ತು ತರುತ್ತೇವೆ. ಹೊಲದಲ್ಲಿ ಉಳಿಯುವುದು ಉದುರಿದ ಎಲೆ, ಹರಿದ ಬೇರು ಮಾತ್ರ. ಆದರೂ ಕಡ್ಲೆಕಾಯಿ ಆದ ಮೇಲೆ ರಾಗಿ ಚೆನ್ನಾಗಿ ಬರುವುದನ್ನು ನೀವೇ ನೋಡಿದ್ದೀರಿ. ಅದು ಸುಳ್ಳಲ್ಲ. ಉದುರಿದ ಎಲೆ ಬೇಗ ಕೊಳೆಯುತ್ತದೆ. ಏಕದಳ ಬೆಳೆ ಎಳೆದಷ್ಟು ಸಾರಜನಕವನ್ನು ಕಡ್ಲೆಕಾಯಿ ಮಣ್ಣಿನಿಂದ ಎಳೆದಿರುವುದಿಲ್ಲ. ಕಿತ್ತಾಗ ಮಣ್ಣು ಸಡಿಲವಾಗುತ್ತದೆ, ರೋಗದ ಸರಪಳಿ ತುಂಡಾಗುತ್ತದೆ. ಈ ಲಾಭಕ್ಕೆ ಮರುವರ್ಷದ ಸಾರಜನಕದಲ್ಲಿ ಕಾಲು ಭಾಗ ಕಡಿಮೆ ಮಾಡಿ ನೋಡಬಹುದು. ಪೂರ್ತಿ ಬಿಡುವುದು ಬೇಡ. ಬಳ್ಳಿ ತಿಂದ ಹಸುವಿನ ಸಗಣಿ ಬೋರಿನ ಹೊಲಕ್ಕೆ ಹೋಗುತ್ತಿದೆ ಅನ್ನುವುದನ್ನೂ ಮರೆಯಬೇಡಿ. ಬೆದ್ದಲಿನ ಸಾರಜನಕ ಕೊಟ್ಟಿಗೆಯ ಮೂಲಕ ಬೋರಿನ ಹೊಲ ಸೇರುತ್ತಿದೆ!

ಅದಕ್ಕೇ ನಾನು ಹೇಳುವ ಮೊದಲ ಕೆಲಸ: ತಿಪ್ಪೆ ಗೊಬ್ಬರವನ್ನು ಬೆದ್ದಲಿಗೆ ಸಾಗಿಸಿ. ಎರಡೂ ಎಕರೆಗೆ ಒಂದೇ ಬೆಳೆ ಹಾಕುವ ಬದಲು ಒಂದು ಎಕರೆ ರಾಗಿ, ಒಂದು ಎಕರೆ ಕಡ್ಲೆಕಾಯಿ ಮಾಡಿ, ವರ್ಷ ವರ್ಷ ಅದಲು ಬದಲು ಮಾಡಿ. ನಿಮ್ಮ ನಾಲ್ಕು ಟನ್ ಗೊಬ್ಬರವೂ ಆ ವರ್ಷದ ರಾಗಿ ಎಕರೆಗೆ ಹೋಗಲಿ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕೆ.ಜಿ. ಸಾರಜನಕ ಎನ್ನುವ ಶಿಫಾರಸಿನ ಜೊತೆ ಏಳೂವರೆ ಟನ್ ಕೊಟ್ಟಿಗೆ ಗೊಬ್ಬರವೂ ಇದೆ, ಅಂದರೆ ಎಕರೆಗೆ ಮೂರು ಟನ್. ಶಿಫಾರಸಿನಲ್ಲಿ ಮೂಟೆಯ ಮಾತನ್ನು ಎಲ್ಲರೂ ಪಾಲಿಸುತ್ತಾರೆ, ಕೊಟ್ಟಿಗೆ ಗೊಬ್ಬರದ ಮಾತು ಮರೆತು ಹೋಗಿದೆ.

ಇದಕ್ಕೆ ನಮ್ಮ ನಾಡಿನಲ್ಲೇ ಗಟ್ಟಿ ಸಾಕ್ಷಿ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಒಣ ಬೇಸಾಯ ವಿಭಾಗದಲ್ಲಿ 1970ರ ದಶಕದ ಕೊನೆಯಿಂದ ಒಂದೇ ತಾಕಿನಲ್ಲಿ ದೀರ್ಘಕಾಲದ ಪ್ರಯೋಗ ನಡೆದಿದೆ. ಒಂದು ಕಡೆ ಪ್ರತಿ ವರ್ಷ ರಾಗಿ, ಇನ್ನೊಂದು ಕಡೆ ನಿಮ್ಮ ಹಾಗೆಯೇ ಕಡ್ಲೆಕಾಯಿ–ರಾಗಿ ಸರದಿ. ನಿಮ್ಮಂಥದ್ದೇ ಕೆಂಪು ಮಣ್ಣು. ಬರೀ ರಸಗೊಬ್ಬರ ಹಾಕಿದ ತಾಕಿನಲ್ಲಿ ಮೊದಲು ಚೆನ್ನಾಗಿದ್ದ ಇಳುವರಿ ವರ್ಷ ಕಳೆದ ಹಾಗೆ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಸಗೊಬ್ಬರ ಕೊಟ್ಟ ತಾಕು ಎಲ್ಲಕ್ಕಿಂತ ಮುಂದೆ ನಿಂತಿತು. ಗಮನಿಸಬೇಕಾದ್ದು ಇದು: ಗೊಬ್ಬರದ ಜೊತೆ ಶಿಫಾರಸಿನ ಅರ್ಧದಷ್ಟೇ ರಸಗೊಬ್ಬರ ಕೊಟ್ಟ ತಾಕು, ಪೂರ್ತಿ ರಸಗೊಬ್ಬರ ಮಾತ್ರ ಕೊಟ್ಟ ತಾಕನ್ನು ಹಿಂದೆ ಹಾಕಿತು. ಕಾರಣ ಸಾವಯವ ಇಂಗಾಲ. ಅದು ನೀರನ್ನೂ ಹಿಡಿಯುತ್ತದೆ, ಸಾರಜನಕವನ್ನೂ ಹಿಡಿದು ನಿಧಾನವಾಗಿ ಬಿಡುತ್ತದೆ. ಬರೀ ಯೂರಿಯಾ, ಡಿಎಪಿ ಹಾಕುತ್ತ ಹೋದರೆ ಕೆಂಪು ಮಣ್ಣು ಹುಳಿಯೂ ಆಗುತ್ತದೆ.

ಗೊಬ್ಬರ ಮಾಡುವ ರೀತಿಯಲ್ಲೂ ಸೋರಿಕೆ ಇದೆ. ಹಸು ಹೊರಹಾಕುವ ಸಾರಜನಕದಲ್ಲಿ ಹೆಚ್ಚು ಕಡಿಮೆ ಅರ್ಧ ಗಂಜಲದಲ್ಲಿರುತ್ತದೆ. ಅದು ಮೋರಿಗೆ ಹರಿದರೆ ಮುಗಿಯಿತು. ಕೊಟ್ಟಿಗೆಯಲ್ಲಿ ಒಣ ಎಲೆ, ಹುಲ್ಲಿನ ಕಸ ಹಾಸಿ ಗಂಜಲ ಹೀರಿಸಿ, ತಿಪ್ಪೆಗೆ ಹಾಕಿದ ಮೇಲೆ ತೆಳುವಾಗಿ ಮಣ್ಣು ಮುಚ್ಚಿ. ಬೇಸಿಗೆಯಲ್ಲಿ ಗೊಬ್ಬರವನ್ನು ಹೊಲಕ್ಕೆ ಸಾಗಿಸಿ ಗುಪ್ಪೆ ಗುಪ್ಪೆಯಾಗಿ ವಾರಗಟ್ಟಲೆ ಬಿಸಿಲಿಗೆ ಬಿಡುವುದನ್ನು ಎಲ್ಲ ಊರಲ್ಲೂ ನೋಡುತ್ತೇನೆ. ಹರಡಿದ ದಿನವೇ ಉಳುಮೆ ಮಾಡಿ ಸೇರಿಸಿ.

ಬೆದ್ದಲಿನ ರಾಗಿಯಲ್ಲಿ ಅಕ್ಕಡಿ ಸಾಲು, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು, ಹಾಕುವುದನ್ನು ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ. ಎಂಟರಿಂದ ಹತ್ತು ಸಾಲು ರಾಗಿಗೆ ಎರಡು ಸಾಲು ತೊಗರಿ. ತೊಗರಿ ಬೇರು ಆಳಕ್ಕೆ ಇಳಿದು ರಾಗಿಗೆ ಸಿಗದೆ ಕೆಳಗೆ ಹೋದದ್ದನ್ನು ಎತ್ತಿಕೊಳ್ಳುತ್ತದೆ, ಎಲೆ ಉದುರಿಸಿ ಮೇಲಕ್ಕೆ ಕೊಡುತ್ತದೆ. ಮೇ ತಿಂಗಳ ಮಳೆಗೆ ಹದ ಸಿಕ್ಕರೆ ಅಲಸಂದೆಯನ್ನೋ ಹುರುಳಿಯನ್ನೋ ಚೆಲ್ಲಿ, ರಾಗಿ ಬಿತ್ತನೆಗೆ ಮೊದಲು ಹೂವಿನ ಹಂತದಲ್ಲಿ ಉತ್ತು ಮಣ್ಣಿಗೆ ಸೇರಿಸಿ. ಎಲ್ಲ ವರ್ಷವೂ ಆಗುವುದಿಲ್ಲ. ಆದ ವರ್ಷ ಬಿಡಬೇಡಿ.

ಬೋರಿನ ಹೊಲಕ್ಕೆ ಹೀಗೆ ಮಾಡಿ. ಜೋಳಕ್ಕೆ ಬಿತ್ತುವಾಗ ಒಂದು ಮೂಟೆ ಡಿಎಪಿ, ಒಂದು ಮೂಟೆ ಸೂಪರ್ ಫಾಸ್ಫೇಟ್, ಅರ್ಧ ಮೂಟೆ ಯೂರಿಯಾ. ಇದರಿಂದ ರಂಜಕ ಎಕರೆಗೆ 31 ಕೆ.ಜಿ. ಆಗುತ್ತದೆ, ಸಾಕು. ಸೂಪರ್ ಫಾಸ್ಫೇಟ್‌ನಲ್ಲಿ ಗಂಧಕವಿದೆ, ಡಿಎಪಿಯಲ್ಲಿ ಇಲ್ಲ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಕಾರ್ಯಕ್ರಮದ ಮಣ್ಣು ಪರೀಕ್ಷೆಗಳಲ್ಲಿ ರಾಜ್ಯದ ಒಣ ಜಮೀನುಗಳಿಗೆ ಗಂಧಕ, ಸತು, ಬೋರಾನ್ ಕೊರತೆ ಬಹಳ ಕಡೆ ಕಂಡಿತ್ತು. ಇವು ಇಲ್ಲದಿದ್ದರೆ ಎಷ್ಟು ಯೂರಿಯಾ ಸುರಿದರೂ ಗಿಡ ಅದನ್ನು ಕಾಳು ಮಾಡಲಾರದು. ನಿಮ್ಮ 25 ಕ್ವಿಂಟಲ್ ಅಲ್ಲೇ ನಿಂತಿರುವುದಕ್ಕೆ ಇದೂ ಕಾರಣವಿರಬಹುದು. ಎಳೆ ಜೋಳದ ಸುಳಿ ಎಲೆಯಲ್ಲಿ ಬಿಳಿ ಪಟ್ಟೆ ಕಂಡರೆ ಅದು ಸತುವಿನ ಕೊರತೆ. ಆಮೇಲೆ 30 ದಿನದ ಸುಮಾರಿಗೆ, ಗಿಡ ಮೊಣಕಾಲೆತ್ತರ ಆದಾಗ ಒಂದು ಮೂಟೆ ಯೂರಿಯಾ. ಗಿಡದ ತುದಿಯಲ್ಲಿ ಹೂವಿನ ಗರಿ ಬರುವುದಕ್ಕೆ ಸ್ವಲ್ಪ ಮೊದಲು ಇನ್ನೊಂದು. ಮೊದಲ ಮೂರು ವಾರ ಜೋಳಕ್ಕೆ ಬೇಕಾಗುವುದು ಬಹಳ ಕಡಿಮೆ, ಆಗ ಸುರಿದದ್ದು ಕಳೆ ಪಾಲು. ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಮುಚ್ಚಿ, ಮಣ್ಣು ಏರಿಸಿ. ಒಟ್ಟು ಎರಡೂವರೆ ಮೂಟೆ. ಬೋರಿನ ನೀರಿನಲ್ಲಿ ನೈಟ್ರೇಟ್ 45 ದಾಟಿದ್ದರೆ ಎರಡಕ್ಕೆ ನಿಲ್ಲಿಸಿ. ಬೇಸಿಗೆ ರಾಗಿಗೆ ಕೋಳಿ ಗೊಬ್ಬರ ಕೊಡುವುದಾದರೆ ಒಂದು ಡಿಎಪಿ ಮತ್ತು ಒಂದೇ ಮೂಟೆ ಯೂರಿಯಾ ಸಾಕು. ಯೂರಿಯಾವನ್ನು ನಾಟಿಯಲ್ಲಿ ಅರ್ಧ, ನಾಲ್ಕು ವಾರಕ್ಕೆ ಅರ್ಧ ಕೊಡಿ.

ಎರಡು ಮೂರು ವರ್ಷಕ್ಕೊಮ್ಮೆಯಾದರೂ ಜೋಳ ಆದ ಮೇಲೆ ರಾಗಿ ಬಿಟ್ಟು ಅವರೆಯನ್ನೋ ಅಲಸಂದೆಯನ್ನೋ ಹಾಕಿ. ಸೊಗಡಿನ ಅವರೆಗೆ ನಮ್ಮ ಕಡೆ ಗಿರಾಕಿ ಹುಡುಕಬೇಕಾಗಿಲ್ಲ. ಜೋಳ, ರಾಗಿ ಎರಡೂ ಏಕದಳ. ಹೆಸರು ಬೇರೆಯಾದರೂ ಮಣ್ಣಿನಿಂದ ಕೇಳುವುದು ಒಂದೇ ರೀತಿ. ಅದನ್ನು ಬೆಳೆ ಪರಿವರ್ತನೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಜೋಳದ ಹೊಲದಲ್ಲಿ ನಾಲ್ಕು ಸಾಲು, 30 ಅಡಿ ಉದ್ದ, ಯೂರಿಯಾ ಇಲ್ಲದೆ ಬಿಡಿ. ಪಕ್ಕದ ನಾಲ್ಕು ಸಾಲಿಗೆ ಎರಡೂವರೆ ಮೂಟೆ ಲೆಕ್ಕ, ಅದರ ಪಕ್ಕದ ನಾಲ್ಕಕ್ಕೆ ಮೂರು ಮೂಟೆ. ಮೂರರ ಕಾಳನ್ನೂ ಬೇರೆ ಬೇರೆ ತೂಗಿ. ಯೂರಿಯಾ ಇಲ್ಲದ ಸಾಲಿಗಿಂತ ಎಷ್ಟು ಕೆ.ಜಿ. ಹೆಚ್ಚಾಯಿತೋ ಅದನ್ನು ಯೂರಿಯಾದಿಂದ ಕೊಟ್ಟ ಸಾರಜನಕದಿಂದ ಭಾಗಿಸಿ. ಏಕದಳ ಬೆಳೆಗಳಲ್ಲಿ ಒಂದು ಕೆ.ಜಿ. ಸಾರಜನಕಕ್ಕೆ 10ರಿಂದ 30 ಕೆ.ಜಿ. ಕಾಳು ಸಾಮಾನ್ಯ. ಎರಡೂವರೆಯಿಂದ ಮೂರಕ್ಕೆ ಹೋದಾಗ ತೂಕ ಏರದಿದ್ದರೆ ಆ ಕೊನೆಯ ಅರ್ಧ ಮೂಟೆ ದಂಡ. ಮೂಟೆಗೆ 266 ರೂಪಾಯಿ ಚಿಲ್ಲರೆ ಇರುವುದರಿಂದ ಜೇಬಿಗೆ ಗೊತ್ತಾಗುವುದಿಲ್ಲ, ಅದೇ ತೊಂದರೆ. 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಪದ್ಧತಿ ಬದಲಾಯಿತು, ಯೂರಿಯಾ ಮಾತ್ರ ಅಗ್ಗವಾಗಿಯೇ ಉಳಿಯಿತು. ಕೈ ಯೂರಿಯಾದ ಕಡೆಗೇ ಹೋಗುವುದು ಸಹಜ.

ನೀರು ಮತ್ತು ಮಣ್ಣಿನ ಪರೀಕ್ಷೆಗೆ ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವನ್ನೋ ನಿಮ್ಮ ರೈತ ಸಂಪರ್ಕ ಕೇಂದ್ರವನ್ನೋ ವಿಚಾರಿಸಿ. ಮಣ್ಣಿನ ಚೀಟಿಯಲ್ಲಿ "ಲಭ್ಯ ಸಾರಜನಕ 200 ಕೆ.ಜಿ." ಅಂತ ಇದ್ದರೆ ಹಿಗ್ಗಬೇಡಿ. ಅದು ಹೆಕ್ಟೇರಿನ ಲೆಕ್ಕ, 280ಕ್ಕಿಂತ ಕಡಿಮೆ ಇದ್ದರೆ ಅದು ಕಡಿಮೆ ಅಂತಲೇ ಅರ್ಥ, ಅಷ್ಟೂ ಈ ಬೆಳೆಗೆ ಸಿಗುವುದಿಲ್ಲ. ನನ್ನ ಕಣ್ಣು ಮೊದಲು ಹೋಗುವುದು ಸಾವಯವ ಇಂಗಾಲದ ಅಂಕಿಗೆ. ಅದು ಅರ್ಧ ಪರ್ಸೆಂಟಿಗಿಂತ ಕೆಳಗಿದ್ದರೆ ತಿಪ್ಪೆ ಗೊಬ್ಬರ ಯಾವ ಹೊಲಕ್ಕೆ ಅನ್ನುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಇನ್ನು ನ್ಯಾನೋ ಯೂರಿಯಾ. 2021ರಲ್ಲಿ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ನೂರಕ್ಕೆ 4 ಭಾಗ ಸಾರಜನಕ, ಅಂದರೆ 20 ಗ್ರಾಂ. ಮೂಟೆಯಲ್ಲಿ ಇರುವುದು 20 ಕೆ.ಜಿ. ಆಮೇಲೆ ಬಂದ ಪ್ಲಸ್ ಬಾಟಲಿಯಲ್ಲಿ ಪ್ರಮಾಣ ಜಾಸ್ತಿ, ಆದರೂ ಗ್ರಾಂ ಲೆಕ್ಕವೇ. ನಿಮ್ಮ ಒಂದು ಎಕರೆ ಜೋಳ ಎಳೆದುಕೊಳ್ಳುವುದು 54 ಕೆ.ಜಿ. ಎಲೆಯ ಮೂಲಕ ಎಷ್ಟೇ ಚೆನ್ನಾಗಿ ಹೀರಿದರೂ ಗ್ರಾಂನಿಂದ ಆ ಲೆಕ್ಕ ತುಂಬುವುದಿಲ್ಲ, ಹಾಗಾಗಿ ಮೂಟೆಯ ಬದಲಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಎಲೆಗೆ ಸಿಂಪಡಿಸುವುದು ಉಪಯೋಗಕ್ಕೆ ಬರುವ ಸಂದರ್ಭ ಬೆದ್ದಲಿನಲ್ಲಿದೆ. ಮೇಲುಗೊಬ್ಬರದ ಹೊತ್ತಿಗೆ ಮಳೆ ಕೈಕೊಟ್ಟು ಮಣ್ಣು ಒಣಗಿದ್ದರೆ ಯೂರಿಯಾ ಎರಚಿ ಪ್ರಯೋಜನವಿಲ್ಲ. ಆಗ ಮಾಮೂಲಿ ಯೂರಿಯಾವನ್ನೇ ಲೀಟರ್ ನೀರಿಗೆ 20 ಗ್ರಾಂ ಕರಗಿಸಿ, ಬಿಸಿಲು ಇಳಿದ ಮೇಲೆ ರಾಗಿ ಎಲೆ ನೆನೆಯುವ ಹಾಗೆ ಹೊಡೆಯಿರಿ. ಎಕರೆಗೆ 150 ಲೀಟರ್ ದ್ರಾವಣ ಹಿಡಿದರೂ ಮೂರು ಕೆ.ಜಿ. ಯೂರಿಯಾ ಆಯಿತು, ಸಾರಜನಕ ಒಂದು ಕೆ.ಜಿ. ದಾಟಿತು. ಮಳೆ ಬಂದು ಹದವಾದ ಮೇಲೆ ಉಳಿದದ್ದನ್ನು ಮಣ್ಣಿಗೆ ಕೊಡಿ.